ಕೊಂಡುಕುರಿಯ ನೆಲಕ್ಕೆ ನೀರು ಬರುವ ಮುನ್ನ

ದಾವಣಗೆರೆ ಜಿಲ್ಲೆಯಲ್ಲೊಂದು ವನ್ಯಧಾಮವಿದೆ ಎಂದರೆ ಜಿಲ್ಲೆಯವರೇ ಹುಬ್ಬೇರಿಸುವುದುಂಟು. ಬರದ ತಾಲ್ಲೂಕೆಂದೇ ಹೆಸರಾದ ಜಗಳೂರಿನಲ್ಲಿ 2011ರಲ್ಲಿ ಘೋಷಣೆಯಾದ ರಂಗಯ್ಯನದುರ್ಗ ಕೊಂಡುಕುರಿ ವನ್ಯಧಾಮವದು. ವಿಸ್ತೀರ್ಣ ಸುಮಾರು 77 ಚದರ ಕಿಲೋಮೀಟರ್. ಬಂಡೀಪುರ, ನಾಗರಹೊಳೆಗಳ ವೈಭವ ಇಲ್ಲಿಲ್ಲ. ಇರುವುದು ಕುರುಚಲು ಕಾಡು, ಕಲ್ಲುಗುಡ್ಡ, ಬೇಸಗೆಯಲ್ಲಿ ಹಂಚಿನಂತೆ ಕಾಯುವ ನೆಲ ಮತ್ತು ಆ ನೆಲವನ್ನೇ ನಂಬಿಕೊಂಡ, ನಾಲ್ಕು ಕೊಂಬಿನ ಒಂದು ಸಂಕೋಚದ ಪ್ರಾಣಿ.

ಕೊಂಡುಕುರಿ ಹೆಸರಿಗಷ್ಟೇ ಕುರಿ. ಕುಲದಿಂದ ಅದು ಹುಲ್ಲೆ. ತೂಕ ಇಪ್ಪತ್ತು ಕಿಲೋ ಆಸುಪಾಸು. ನಾಲ್ಕು ಕೊಂಬು ಗಂಡಿಗೆ ಮಾತ್ರ. ಭಾರತ ಮತ್ತು ನೇಪಾಳ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇದು ನೈಸರ್ಗಿಕವಾಗಿ ವಾಸಿಸುವುದಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ, ಅಂದರೆ ಹುಲಿಯ ಪಂಕ್ತಿಯಲ್ಲಿಯೇ, ಇದಕ್ಕೆ ಸ್ಥಾನವಿದೆ. ಹಿಂಡು ಕಟ್ಟುವ ಸ್ವಭಾವ ಇದರದಲ್ಲ. ಅಪಾಯ ಕಂಡರೆ ಓಡುವ ಬದಲು ಹುಲ್ಲಿನ ಮರೆಯಲ್ಲಿ ಅಲ್ಲಾಡದೆ ನಿಂತುಬಿಡುತ್ತದೆ. ಪದೇ ಪದೇ ನೀರು ಬೇಕಾದುದರಿಂದ ನೀರಿನ ಆಸರೆಯಿಂದ ಬಹುದೂರ ಹೋಗುವುದಿಲ್ಲ. ಕಣ್ಣಿಗೆ ಬೀಳದಿರುವುದೇ ಇದರ ಜೀವನೋಪಾಯ. ಆದರೆ ಆಡಳಿತದ ಲೋಕದಲ್ಲಿ ಕಣ್ಣಿಗೆ ಬೀಳದವರ ಪಾಡು ಏನಾಗುತ್ತದೆಂಬುದು ನಮಗೆಲ್ಲ ಗೊತ್ತಿರುವ ಸಂಗತಿ.

ಪ್ರಾಣಿಗೆ ಒದಗಿರುವ ಈ ಅವಸ್ಥೆ ಅದರ ನೆಲಕ್ಕೂ ಒದಗಿದೆ. ಹುಲ್ಲುಗಾವಲು ಮತ್ತು ಕುರುಚಲು ಕಾಡನ್ನು ನಮ್ಮ ಸರ್ಕಾರಿ ನಕ್ಷೆಗಳು ಬಹುಕಾಲದಿಂದ ‘ಪಾಳುಭೂಮಿ’ ಎಂದೇ ಗುರುತಿಸುತ್ತ ಬಂದಿವೆ. ಪಾಳು ಎಂದ ಮೇಲೆ ಅದನ್ನು ‘ಉಪಯೋಗಕ್ಕೆ’ ತರುವುದು ಪುಣ್ಯದ ಕೆಲಸವಾಗುತ್ತದೆ. ಚಿತ್ರದುರ್ಗ, ಜಗಳೂರು ಸೀಮೆಯ ಗುಡ್ಡಗಳ ಮೇಲೆ ತಿರುಗುತ್ತಿರುವ ಗಾಳಿಯಂತ್ರಗಳು ಶುದ್ಧ ವಿದ್ಯುತ್ತನ್ನು ಕೊಡುತ್ತವೆ, ನಿಜ. ಆದರೆ 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಯೋಜನೆಗಳು ಸೇರಿಲ್ಲ; ಗುಡ್ಡದ ನೆತ್ತಿಯವರೆಗೆ ರಸ್ತೆ ಕಡಿದರೂ ಸಾರ್ವಜನಿಕ ಅಹವಾಲು ಕಡ್ಡಾಯವಲ್ಲ. ಇನ್ನು 2022ರಲ್ಲಿ ರಾಜ್ಯ ಸರ್ಕಾರ ಡೀಮ್ಡ್ ಅರಣ್ಯದ ವ್ಯಾಪ್ತಿಯನ್ನು 9.94 ಲಕ್ಷ ಹೆಕ್ಟೇರ್‌ನಿಂದ 3.30 ಲಕ್ಷ ಹೆಕ್ಟೇರ್‌ಗೆ ಇಳಿಸಿತು. ಅದರಿಂದ ಅನೇಕ ಬಡ ಸಾಗುವಳಿದಾರರು ನಿಟ್ಟುಸಿರು ಬಿಟ್ಟರೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೀಗೆ ಪಟ್ಟಿಯಿಂದ ಹೊರಬಿದ್ದ ಕುರುಚಲು ನೆಲದ ಬಗ್ಗೆ ಯಾವ ಯೋಜನೆ ಇದೆ ಎಂದು ಕೇಳಿದವರು ಕಡಿಮೆ.

ಜಗಳೂರಿನ ಮಟ್ಟಿಗೆ ಈ ಪ್ರಶ್ನೆಯನ್ನು ಈಗಲೇ ಕೇಳಬೇಕಾಗಿದೆ. ಏಕೆಂದರೆ ಆ ತಾಲ್ಲೂಕಿಗೆ ನೀರು ಬರುತ್ತಿದೆ. ತುಂಗಭದ್ರೆಯಿಂದ 57 ಕೆರೆಗಳನ್ನು ತುಂಬಿಸುವ ಯೋಜನೆ ಅಲ್ಲಿನ ಜನರ ಬಹುದಿನದ ಬೇಡಿಕೆಯ ಫಲ. ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು; ಅದರ ಫಲಾನುಭವಿ ತಾಲ್ಲೂಕುಗಳಲ್ಲಿ ಜಗಳೂರೂ ಒಂದು. ಈ ನೀರಿಗೆ ಅಡ್ಡ ಬರುವ ಮಾತನ್ನು ನಾನು ಆಡಲಾರೆ. ಸಾವಿರ ಅಡಿ ಕೊರೆದರೂ ಧೂಳು ಕಾರುವ ಕೊಳವೆಬಾವಿಯ ಮುಂದೆ ನಿಂತ ರೈತನಿಗೆ ಹುಲ್ಲೆಯ ಮಹಿಮೆಯನ್ನು ಬೋಧಿಸುವುದು ಅಮಾನವೀಯ. ನೀರು ಬಂದ ಮೇಲೆ ನೆಲದ ಬಳಕೆ ಬದಲಾಗುತ್ತದೆ, ಬೆಲೆ ಏರುತ್ತದೆ, ಬೇಲಿ ಬೀಳುತ್ತದೆ. ಅಷ್ಟಕ್ಕೆ ನಾವು ತಯಾರಿದ್ದೇವೆಯೇ ಎಂಬುದಷ್ಟೇ ನನ್ನ ಪ್ರಶ್ನೆ.

ಇದಕ್ಕೆ ಉದಾಹರಣೆ ಹುಡುಕಿಕೊಂಡು ಜಿಲ್ಲೆಯ ಹೊರಗೆ ಹೋಗಬೇಕಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಜಗಳೂರು ಬಂದುದು ಚಿತ್ರದುರ್ಗದಿಂದ. ಚನ್ನಗಿರಿ, ಹೊನ್ನಾಳಿಗಳು ಬಂದುದು ಶಿವಮೊಗ್ಗದಿಂದ. ಇಂದಿನ ನ್ಯಾಮತಿ ತಾಲ್ಲೂಕು ಆಗ ಹೊನ್ನಾಳಿಯ ಭಾಗವೇ ಆಗಿತ್ತು. ಮಳೆ, ಮಣ್ಣು, ಬೆಳೆ ಎಲ್ಲದರಲ್ಲೂ ಇವು ಎರಡು ಲೋಕಗಳು. ಚನ್ನಗಿರಿಯಲ್ಲಿ ಅಡಿಕೆ ತೋಟ ಗುಡ್ಡದ ಬುಡದವರೆಗೂ ವಿಸ್ತರಿಸಿದೆ. ಹೊನ್ನಾಳಿ, ನ್ಯಾಮತಿಗಳಲ್ಲಿ ಗದ್ದೆಗಳೇ ತೋಟವಾಗುತ್ತಿವೆ. ಇದೇ ಚನ್ನಗಿರಿ ತಾಲ್ಲೂಕಿನ ಸೋಮಲಾಪುರದಲ್ಲಿ 2023ರ ಏಪ್ರಿಲ್‌ನಲ್ಲಿ ಕಾಡಾನೆಯ ದಾಳಿಗೆ ಹದಿಹರೆಯದ ಹುಡುಗಿಯೊಬ್ಬಳು ಬಲಿಯಾದಳು. ನ್ಯಾಮತಿ, ಹೊನ್ನಾಳಿ ಕಡೆ ಚಿರತೆಯ ಸುದ್ದಿ ಯಾರಿಗೂ ಹೊಸದಲ್ಲ. ಎಲ್ಲಕ್ಕೂ ಅಡಿಕೆಯೇ ಕಾರಣವೆಂದು ನಾನು ಹೇಳುತ್ತಿಲ್ಲ. ಆನೆಗಳ ಅಲೆದಾಟಕ್ಕೆ ಕಾರಣಗಳು ಹಲವು. ಆದರೆ ಕಾಡಿನ ಅಂಚಿನಲ್ಲಿ ಏನನ್ನು ಎಲ್ಲಿ ಬೆಳೆಯಬೇಕು, ಯಾವ ಹಳ್ಳದ ದಂಡೆಯನ್ನು ಹಾಗೆಯೇ ಬಿಡಬೇಕು ಎಂದು ಯಾರೂ ಯಾವ ಹಂತದಲ್ಲೂ ಕೂತು ಯೋಚಿಸಲಿಲ್ಲ. ಸೂಳೆಕೆರೆಯನ್ನೇ ನೋಡಿ. ಏಷ್ಯಾದ ದೊಡ್ಡ ಕೆರೆಗಳಲ್ಲಿ ಒಂದೆಂದು ಭಾಷಣಗಳಲ್ಲಿ ಹೊಗಳಿಸಿಕೊಳ್ಳುವ, ಚಿತ್ರದುರ್ಗ ನಗರಕ್ಕೂ ಕುಡಿಯುವ ನೀರುಣಿಸುವ ಆ ಕೆರೆಯ ಗಡಿ ಗುರುತಿಸಿ ಎಂದು ಸ್ಥಳೀಯರು ವರ್ಷಗಟ್ಟಲೆ ದನಿಯೆತ್ತಬೇಕಾಯಿತು.

ರಂಗಯ್ಯನದುರ್ಗದ ಸುತ್ತಲಿನ ಹಳ್ಳಿಗಳಲ್ಲಿ ಈ ಯೋಚನೆಯನ್ನು ಯಾರು ಮಾಡಬೇಕು? ಅರಣ್ಯ ಇಲಾಖೆ ಒಂದೇ ಮಾಡಿದರೆ ಸಾಲದು, ಮಾಡಲೂ ಬಾರದು. ‘ವನ್ಯಧಾಮ’ ಎಂದೊಡನೆ ‘ಎತ್ತಂಗಡಿ’ ಎಂಬ ವದಂತಿ ಏಳುವ ಕಾಲವಿದು. ಕುದುರೆಮುಖದಲ್ಲಿ ರಾಷ್ಟ್ರೀಯ ಉದ್ಯಾನದ ಕುರಿತ ಭಯ ಎಂಥ ಕಹಿಗೆ ದಾರಿಮಾಡಿತು, ಆ ಕಹಿಯನ್ನು ನಕ್ಸಲ್ ಚಳವಳಿ ಹೇಗೆ ಬಳಸಿಕೊಂಡಿತು ಎಂಬುದನ್ನು ನಾಡು ಕಂಡಿದೆ. ಕಾಯ್ದೆಯ ದೃಷ್ಟಿಯಲ್ಲಿ ರಾಷ್ಟ್ರೀಯ ಉದ್ಯಾನ ಬೇರೆ, ವನ್ಯಧಾಮ ಬೇರೆ. ಉದ್ಯಾನದೊಳಗೆ ಜಾನುವಾರು ಮೇಯಿಸುವಂತಿಲ್ಲ. ವನ್ಯಧಾಮದಲ್ಲಿ ಮೇವಿಗೆ ನಿಯಂತ್ರಣವುಂಟು, ಸಾರಾಸಗಟು ನಿಷೇಧವಿಲ್ಲ. ಕೆಲವು ಹಕ್ಕುಗಳನ್ನು ಮುಂದುವರಿಸಲೂ ಅವಕಾಶವಿದೆ. ಈ ವ್ಯತ್ಯಾಸವನ್ನು ಕುರಿ ಕಾಯುವವರಿಗೆ ಅವರ ಮಾತಿನಲ್ಲಿ ತಿಳಿಹೇಳುವ ಕೆಲಸವನ್ನು ಯಾರೂ ಮೈಮೇಲೆ ಎಳೆದುಕೊಳ್ಳುವುದಿಲ್ಲ.

ಪರಿಸರ ಸೂಕ್ಷ್ಮ ವಲಯದ ವಿಷಯವೂ ಹಾಗೆಯೇ. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಸಂರಕ್ಷಿತ ಅರಣ್ಯದ ಸುತ್ತ ಕನಿಷ್ಠ ಒಂದು ಕಿಲೋಮೀಟರ್ ಸೂಕ್ಷ್ಮ ವಲಯವಿರಬೇಕು ಎಂದಿತು. 2023ರ ಏಪ್ರಿಲ್‌ನಲ್ಲಿ ಆ ಆದೇಶವನ್ನು ಸಡಿಲಿಸಿತು. ಇಂಥ ವಲಯಗಳಲ್ಲಿ ತಡೆ ಇರುವುದು ವಾಣಿಜ್ಯ ಗಣಿಗಾರಿಕೆ, ಕಲ್ಲು ಕ್ವಾರಿ, ಮಾಲಿನ್ಯಕಾರಕ ಕೈಗಾರಿಕೆ ಮೊದಲಾದವಕ್ಕೆ. ಸ್ಥಳೀಯರ ಬೇಸಾಯಕ್ಕಾಗಲಿ ಹೈನುಗಾರಿಕೆಗಾಗಲಿ ಅಲ್ಲ. ವಲಯ ಘೋಷಿಸಿದ ಎರಡು ವರ್ಷದೊಳಗೆ ಸ್ಥಳೀಯರೊಡನೆ ಸಮಾಲೋಚಿಸಿ ವಲಯ ಮಹಾಯೋಜನೆ ಸಿದ್ಧಪಡಿಸಬೇಕೆಂಬ ಷರತ್ತು ಈ ಅಧಿಸೂಚನೆಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಆದರೆ ಕರಡು ಪ್ರಕಟವಾಗುವ ಕೇಂದ್ರದ ರಾಜಪತ್ರದ ಭಾಷೆ ಹಿಂದಿ ಮತ್ತು ಇಂಗ್ಲಿಷ್. ಆಕ್ಷೇಪಣೆಗೆ ಕೊಡುವುದು 60 ದಿನ. ಕನ್ನಡವೊಂದನ್ನೇ ಬಲ್ಲ ಗ್ರಾಮ ಪಂಚಾಯಿತಿ ಸದಸ್ಯೆ ಅರವತ್ತನೆಯ ದಿನದೊಳಗೆ ಏನನ್ನು ಆಕ್ಷೇಪಿಸಬೇಕು? 2020ರಲ್ಲಿ ಪರಿಸರ ಪರಿಣಾಮ ಅಂದಾಜಿನ ಹೊಸ ಕರಡನ್ನು ಸಂವಿಧಾನದ ಎಂಟನೆಯ ಪರಿಚ್ಛೇದದ ಎಲ್ಲ ಭಾಷೆಗಳಿಗೂ ಅನುವಾದಿಸಬೇಕೆಂದು ದೆಹಲಿ ಹೈಕೋರ್ಟ್ ಹೇಳಿದಾಗ ಕೇಂದ್ರ ಸರ್ಕಾರ ಅದನ್ನು ಪಾಲಿಸುವ ಬದಲು ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಜನರನ್ನು ಕೇಳುತ್ತೇವೆ ಎನ್ನುವವರಿಗೆ ಜನರ ಭಾಷೆ ಇಷ್ಟು ಭಾರವಾಗುವುದು ವಿಚಿತ್ರ.

ಹಾಗೆಂದು ಕಾನೂನು ಹಳ್ಳಿಗೆ ಬಾಗಿಲು ಮುಚ್ಚಿಲ್ಲ. ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ ಸೇರಿದ 33-ಬಿ ಸೆಕ್ಷನ್ ಪ್ರಕಾರ ವನ್ಯಧಾಮಗಳಿಗೆ ಸಲಹಾ ಸಮಿತಿ ಇರಬೇಕು. ಅದರಲ್ಲಿ ಕ್ಷೇತ್ರದ ಶಾಸಕರಲ್ಲದೆ ಪಂಚಾಯತ್‌ರಾಜ್ ಸಂಸ್ಥೆಗಳ ಮೂವರು ಪ್ರತಿನಿಧಿಗಳಿರಬೇಕು. 2022ರ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ: ಅರಣ್ಯ ಹಕ್ಕು ಕಾಯ್ದೆ ಅನ್ವಯವಾಗುವೆಡೆ ವನ್ಯಧಾಮದ ನಿರ್ವಹಣಾ ಯೋಜನೆಯನ್ನು ಗ್ರಾಮಸಭೆಯೊಡನೆ ಸಮಾಲೋಚಿಸಿಯೇ ರೂಪಿಸಬೇಕು. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆನ್ನುವ 2002ರ ಕಾಯ್ದೆಯೂ ಇದೆ. ಆದರೆ ನಮ್ಮ ಗ್ರಾಮಸಭೆಗಳು ಮನೆ ಹಂಚಿಕೆ, ಉದ್ಯೋಗ ಖಾತ್ರಿಗಳ ಆಚೆ ಹೋಗುವುದೇ ಅಪರೂಪ. ಕಾಡಿನ ವಿಷಯ ಅಲ್ಲಿ ಬಂದರೆ ಅದು ದೂರಿನ ರೂಪದಲ್ಲಿ, ಅದೂ ಯಾವುದಾದರೂ ಅನಾಹುತ ನಡೆದ ಮೇಲೆ.

ಆದ್ದರಿಂದ ನನ್ನ ಒತ್ತಾಯ ಸರಳ. ಕೆರೆಗಳಿಗೆ ನೀರು ಹರಿಸುವ ಎಂಜಿನಿಯರುಗಳ ನಕ್ಷೆ, ಕಂದಾಯ ಇಲಾಖೆಯ ಗೋಮಾಳದ ಪಹಣಿ, ವನ್ಯಧಾಮದ ನಿರ್ವಹಣಾ ಯೋಜನೆ ಈ ಮೂರನ್ನೂ ಕನ್ನಡದಲ್ಲಿ ಒಂದೇ ಮೇಜಿನ ಮೇಲೆ ಹರಡಿ, ವನ್ಯಧಾಮದ ಅಂಚಿನ ಪ್ರತಿ ಹಳ್ಳಿಯಲ್ಲಿ ಡಂಗುರ ಸಾರಿ ವಿಶೇಷ ಗ್ರಾಮಸಭೆ ಕರೆಯಬೇಕು. ಯಾವ ಹಳ್ಳದ ದಂಡೆ ಬೇಲಿಯಿಲ್ಲದೆ ಉಳಿಯಬೇಕು, ಕುರಿ ಮಂದೆಗೆ ಎಲ್ಲಿ ದಾರಿ, ಯಾವ ಗುಡ್ಡಕ್ಕೆ ಯಂತ್ರ ಬೇಡ, ಬೇಸಗೆಯಲ್ಲಿ ಕೊಂಡುಕುರಿ ನೀರಿಗೆ ಇಳಿಯುವ ಗುಂಡಿಗಳು ಯಾವುವು ಎಂಬುದನ್ನು ಅಲ್ಲಿಯೇ ಬರೆಸಬೇಕು. ಇದರಲ್ಲಿ ಕೊನೆಯದರ ಉತ್ತರ ಯಾವ ಕಚೇರಿಯ ಕಡತಕ್ಕಿಂತ ಕುರಿಗಾಹಿಗಳಿಗೆ ಚೆನ್ನಾಗಿ ಗೊತ್ತು. ಸಲಹಾ ಸಮಿತಿಯಲ್ಲಿ ಪಂಚಾಯಿತಿಗಳ ಪಾಲಿನ ಆ ಮೂರು ಕುರ್ಚಿಗಳಲ್ಲಿ ಯಾರು ಕೂರುತ್ತಾರೆ, ಸಮಿತಿ ಎಂದು ಸೇರುತ್ತದೆ ಎಂಬುದನ್ನು ಜಿಲ್ಲಾಡಳಿತ ಜಗಳೂರು ತಾಲ್ಲೂಕು ಕಚೇರಿಯ ಗೋಡೆಗೆ ಅಂಟಿಸಲಿ. ಅಡಿಕೆ ಸಸಿಯ ಲಾರಿಗಳು ಆ ರಸ್ತೆಗೆ ತಿರುಗುವ ಮುನ್ನ ಇಷ್ಟಾಗಬೇಕು.