ಪಾಸ್‌ವರ್ಡ್ ಮರೆತಿಲ್ಲ, ಲೇಔಟ್ ಬದಲಾಗಿದೆ
(ಲಿನಕ್ಸ್ ಸರಣಿ, ಭಾಗ 6)

ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡೋ ಮುಂಚೆ ಇದನ್ನೊಮ್ಮೆ ಓದಿ.

ಡಿಸ್ಕ್‌ಗೆ ಲಾಕ್ ಹಾಕಿ ಲಿನಕ್ಸ್ ಇನ್‌ಸ್ಟಾಲ್ ಮಾಡಿದೀರಿ. ಆನ್ ಮಾಡಿದ ತಕ್ಷಣ ಪಾಸ್‌ವರ್ಡ್ ಕೇಳುತ್ತೆ. ಸರಿಯಾಗೇ ಒತ್ತಿದ್ರೂ ತಪ್ಪು ಅನ್ನುತ್ತೆ. ಮೂರು ಸಲ ನೋಡಿ, ಮರೆತೇ ಹೋಯ್ತು ಅಂತ ಎಲ್ಲ ಅಳಿಸಿಬಿಡ್ತೀರಿ. ಪ್ರಾಜೆಕ್ಟೂ ಹೋಯ್ತು, ಫೋಟೋನೂ ಹೋಯ್ತು.

ಆ ಹೊತ್ತಿಗೆ ನಿಮ್ಮ ಉಬುಂಟು ಇನ್ನೂ ಎದ್ದೇ ಇರಲ್ಲ. ಬಾಗಿಲಲ್ಲಿ ಇರೋದು ಇನಿಟ್‌ರಾಮ್‌ಎಫ್‌ಎಸ್ ಅನ್ನೋ ಪುಟ್ಟ ವ್ಯವಸ್ಥೆ. ನಿಮ್ಮ ಡೆಸ್ಕ್‌ಟಾಪ್ ಸೆಟ್ಟಿಂಗ್ ಬೀಗದ ಒಳಗಿದೆ, ಅದಕ್ಕೆ ಕಾಣಲ್ಲ. ಅದು ನಂಬೋದು ತನ್ನ ಹತ್ರ ಇರೋ ಲೇಔಟನ್ನ. ಗ್ರಬ್ ಕೇಳಿದ್ರಂತೂ ಮಾಮೂಲಾಗಿ ಅಮೆರಿಕದ ಲೇಔಟೇ.

ಇಲ್ಲಿ ಕೊಂಡ ಲ್ಯಾಪ್‌ಟಾಪ್‌ಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಲಂಡನ್‌ನಲ್ಲಿರೋ ಭಾವ ತಮ್ಮ ಹಳೇದು ಕೊಟ್ಟು ಹೋಗಿದ್ರೆ? ಬ್ರಿಟಿಷ್ ಕೀಬೋರ್ಡಲ್ಲಿ 2ರ ಮೇಲೆ @ ಇರಲ್ಲ, ಉದ್ಧರಣ ಚಿಹ್ನೆ ಇರುತ್ತೆ. ಜರ್ಮನಿಯದಾದ್ರೆ ವೈ, ಝಡ್ ಅದಲುಬದಲು. ಪರದೆ ಮೇಲೆ ಬರೀ ಚುಕ್ಕಿ, ಹಾಗಾಗಿ ಗೊತ್ತೇ ಆಗಲ್ಲ.

ನನ್ನ ತಕರಾರು ಇಲ್ಲೇ. ಪಾಸ್‌ವರ್ಡ್ ಕೇಳೋರು ಯಾವ ಲೇಔಟ್ ಅಂತಾನೂ ಹೇಳ್ಬೇಕು. ಕೆಲವು ಡಿಸ್ಟ್ರೋ ಈಗ ತೋರಿಸ್ತವೆ. ಎಲ್ಲವೂ ತೋರಿಸಲಿ, ಒಂದು ಸಾಲಿನ ಜಾಗ ಸಾಕು!

ಇನ್ನು ಕನ್ನಡದಲ್ಲೇ ಪಾಸ್‌ವರ್ಡ್ ಇಡ್ತೀನಿ ಅನ್ನೋರಿಗೆ. ಕನ್ನಡ ಟೈಪ್ ಮಾಡಿಸೋ ಐಬಸ್ ಡೆಸ್ಕ್‌ಟಾಪ್ ಬಂದ್ಮೇಲೆ ಏಳೋದು, ಬೂಟ್ ಆಗುವಾಗ ಇರಲ್ಲ. ಆದರೆ ಉಪಾಯ ಇದೆ. ನುಡಿಯಲ್ಲಿರೋ ಕೆ.ಪಿ. ರಾವ್ ವಿನ್ಯಾಸದಲ್ಲಿ ಕ ಅನ್ನೋಕೆ ಕೆ, ಮ ಅನ್ನೋಕೆ ಎಮ್. ಒಂದು ಉದ್ದದ ಕನ್ನಡ ಸಾಲು ಮನಸ್ಸಲ್ಲಿಟ್ಕೊಂಡು, ಇಂಗ್ಲಿಷ್ ಲೇಔಟಲ್ಲೇ ಅದೇ ಕೀಗಳನ್ನ ಒತ್ತಿ. ಬೆರಳಿಗೆ ಕನ್ನಡ, ಯಂತ್ರಕ್ಕೆ ಎ-ಬಿ-ಸಿ. ಗಾದೆ ಬೇಡ, ಯಾರಾದ್ರೂ ಊಹಿಸ್ತಾರೆ. ವೈ, ಝಡ್, ಚಿಹ್ನೆ ಯಾವುದೂ ಬೇಡ.

ಈಗಾಗಲೇ ಸಿಕ್ಕಿಹಾಕ್ಕೊಂಡಿದ್ರೆ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಲೇಔಟ್ ಬದಲಿಸಿ ಬದಲಿಸಿ ಡಿಸ್ಕ್ ತೆರೆಯೋಕೆ ನೋಡಿ. ತೆರೆದ್ರೆ ಎರಡನೇ ಪಾಸ್‌ವರ್ಡ್ ಸೇರಿಸಿ, ಸಣ್ಣಕ್ಷರದಲ್ಲಿ. ಲಕ್ಸ್ 2ರಲ್ಲಿ 32ರವರೆಗೂ ಜಾಗ ಇದೆ. ಉಬುಂಟು, ಡೆಬಿಯನ್‌ನಲ್ಲಿ ಸಿಸ್ಟಮ್ ಲೇಔಟ್ ಬದಲಿಸಿದ ಮೇಲೆ ಇನಿಟ್‌ರಾಮ್‌ಎಫ್‌ಎಸ್ ಅಪ್‌ಡೇಟ್ ಮಾಡೋದು ಬಿಡಬೇಡಿ, ಇಲ್ದಿದ್ರೆ ಬಾಗಿಲಲ್ಲಿ ಹಳೇ ಲೇಔಟೇ ಇರುತ್ತೆ.

ನಮ್ಮ ಅರಳಸುರಳಿ ಕಡೆ ಮಳೆಗಾಲದಲ್ಲಿ ಕರೆಂಟ್ ಜೊತೆ ನೆಟ್ಟೂ ಹೋದ್ರೆ ಹುಡುಕಿ ಓದೋಕೂ ಆಗಲ್ಲ. ಇದನ್ನ ಈಗಲೇ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ, ಲ್ಯಾಪ್‌ಟಾಪಲ್ಲಿ ಅಲ್ಲ, ಫೋನಲ್ಲಿ.

#ಲಿನಕ್ಸ್_ಕನ್ನಡ #ಅರಳಸುರಳಿ