ಡಿಕ್ಯಾಫ್ ಎಂದರೆ ಸೊನ್ನೆಯಲ್ಲ

ಗರ್ಭಿಣಿಗೆ ಸಲಹೆ ಕೊಡಲು ನಮ್ಮಲ್ಲಿ ಯಾವ ಅರ್ಹತೆಯೂ ಬೇಕಿಲ್ಲ. ಪಪ್ಪಾಯಿ ಬೇಡ, ಅನಾನಸ್ ಬೇಡ, ಕಾಫಿ ಬೇಡ ಎಂಬ ಪಟ್ಟಿ ಪಕ್ಕದ ಮನೆಯವರಿಂದ ಹಿಡಿದು ಬಸ್ಸಿನಲ್ಲಿ ಪಕ್ಕ ಕೂತವರವರೆಗೆ ಎಲ್ಲರ ಬಳಿಯೂ ಇರುತ್ತದೆ. ಈಚೆಗೆ ಆ ಪಟ್ಟಿಗೆ ಹೊಸ ಸಾಲೊಂದು ಸೇರಿದೆ: ‘ಕಾಫಿ ಬಿಡೋಕಾಗಲ್ವಾ? ಹಾಗಾದ್ರೆ ಡಿಕ್ಯಾಫ್ ಕುಡಿ.’ ಹೀಗೆ ಹೇಳುವವರು ಹೆಚ್ಚಾಗಿ ನಮ್ಮ ವಯಸ್ಸಿನವರು. ಅಕ್ಕನಿಗೋ ಅತ್ತಿಗೆಗೋ ಆನ್‌ಲೈನ್‌ನಲ್ಲಿ ಪೊಟ್ಟಣ ತರಿಸಿಕೊಡುವವರೂ ನಾವೇ. ಸಲಹೆ ತಪ್ಪಲ್ಲ, ಆದರೆ ಅರ್ಧ ಮಾತ್ರ ಸರಿ.

ಕೆಫೀನ್ ತಾಯಿಯ ರಕ್ತದಿಂದ ಮಾಸನ್ನು ದಾಟಿ ಮಗುವನ್ನು ತಲುಪುತ್ತದೆ. ಅದನ್ನು ಒಡೆಯಬೇಕಾದ ಕಿಣ್ವ ಮಗುವಿನ ಯಕೃತ್ತಿನಲ್ಲಿ ಇನ್ನೂ ಸಿದ್ಧವಾಗಿರುವುದಿಲ್ಲ. ತಾಯಿಯ ದೇಹವೂ ಈ ಕೆಲಸದಲ್ಲಿ ನಿಧಾನವಾಗುತ್ತದೆ. ಸಾಮಾನ್ಯ ದಿನಗಳಲ್ಲಿ ಕುಡಿದ ಕೆಫೀನ್‌ನ ಅರ್ಧ ಭಾಗ ಇಳಿಯಲು ಸುಮಾರು 5 ಗಂಟೆ ಸಾಕು. ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಿ ಸುಮಾರು 15 ಗಂಟೆ ಬೇಕಾಗಬಹುದು. ಬೆಳಿಗ್ಗೆಯ ಲೋಟ ರಾತ್ರಿಯೂ ಮೈಯಲ್ಲಿರುತ್ತದೆ. ದಿನಕ್ಕೆ 300 ಮಿಲಿಗ್ರಾಂಗಿಂತ ಹೆಚ್ಚು ಕೆಫೀನ್ ಸೇವಿಸುವ ಗರ್ಭಿಣಿಯರು ಅದನ್ನು ತಗ್ಗಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿತು. ಬ್ರಿಟನ್ನಿನ ಆರೋಗ್ಯ ಸೇವೆ ಮತ್ತು ಅಮೆರಿಕದ ಪ್ರಸೂತಿ ತಜ್ಞರ ಸಂಘ 200 ಮಿಲಿಗ್ರಾಂ ಎನ್ನುತ್ತವೆ. ಯಾವ ಪ್ರಮಾಣವೂ ಸುರಕ್ಷಿತವಲ್ಲ ಎಂದು ವಾದಿಸುವ ಸಂಶೋಧಕರೂ ಇದ್ದಾರೆ. ಆದ್ದರಿಂದ 200 ಎಂಬುದನ್ನು ದಿನದ ಕೋಟಾ ಎಂದುಕೊಳ್ಳದೆ ದಾಟಬಾರದ ಗೆರೆ ಎಂದುಕೊಳ್ಳುವುದು ಒಳ್ಳೆಯದು.

ಈ ಗೆರೆಯನ್ನು ನಮ್ಮ ಅಡುಗೆಮನೆಯಲ್ಲಿ ಹೇಗೆ ಎಳೆಯುವುದು? ‘ಎರಡು ಲೋಟ ಪರವಾಗಿಲ್ಲ’ ಎಂಬ ಮಾತಿಗೆ ಅರ್ಥವೇ ಇಲ್ಲ. ಒಂದು ಲೋಟಕ್ಕೆ 10 ಗ್ರಾಂ ಪುಡಿ ಎಂದಿಟ್ಟುಕೊಳ್ಳಿ. ಅರೇಬಿಕಾದಲ್ಲಿ ಕೆಫೀನ್ ಸುಮಾರು ಶೇ 1.2, ರೊಬಸ್ಟಾದಲ್ಲಿ ಸುಮಾರು ಶೇ 2.2. ಅಂದರೆ ಒಂದರಲ್ಲಿ 120 ಮಿಲಿಗ್ರಾಂ, ಇನ್ನೊಂದರಲ್ಲಿ 220. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಶೇ 30 ಚಿಕೋರಿ ಬೆರೆಸಿದರೆ ಇವು 84 ಮತ್ತು 154ಕ್ಕೆ ಇಳಿಯುತ್ತವೆ. ಪುಡಿಯಲ್ಲಿರುವುದೆಲ್ಲ ಡಿಕಾಕ್ಷನ್‌ಗೆ ಇಳಿಯುವುದಿಲ್ಲ, ನಿಜ. ಆದರೂ ಒಂದೇ ಬೀದಿಯ ಎರಡು ಮನೆಗಳ ಕಾಫಿ ಒಂದೇ ಅಲ್ಲ ಎಂಬುದಕ್ಕೆ ಇಷ್ಟು ಲೆಕ್ಕ ಸಾಕು. ಜಿಪುಣತನ ಎಂದು ನಾವು ನಗುವ ಎರಡನೇ ಡಿಕಾಕ್ಷನ್‌ನಲ್ಲಿ ಕೆಫೀನ್ ಕಡಿಮೆ. ಹೆಚ್ಚಿನ ಪಾಲು ಮೊದಲ ಬಾರಿಗೇ ಬಿಸಿನೀರಿಗೆ ಇಳಿದುಬಿಟ್ಟಿರುತ್ತದೆ. ಟೀ, ಕೋಲಾ, ಚಾಕೊಲೇಟ್‌ನಲ್ಲಿರುವುದನ್ನೂ ಇದಕ್ಕೆ ಕೂಡಿಸಬೇಕು.

ಡಿಕ್ಯಾಫ್ ಈ ಲೆಕ್ಕವನ್ನು ನಿಜಕ್ಕೂ ಹಗುರ ಮಾಡುತ್ತದೆ. ಯುರೋಪಿನ ನಿಯಮದ ಪ್ರಕಾರ ಡಿಕ್ಯಾಫ್ ಹುರಿದ ಕಾಫಿಯಲ್ಲಿ ಕೆಫೀನ್ ಶೇ 0.1ನ್ನು ಮೀರಬಾರದು. ನಮ್ಮ 10 ಗ್ರಾಂ ಪುಡಿಗೆ ಅದು 10 ಮಿಲಿಗ್ರಾಂ. ಸೊನ್ನೆ ಅಲ್ಲದಿದ್ದರೂ ಅಲ್ಪವೇ. ತೆಗೆಯುವ ವಿಧಾನದ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಭಯ ಹರಿದಾಡುತ್ತದೆ. ಕಳೆದ ಶತಮಾನದ ಆರಂಭದಲ್ಲಿ ಜರ್ಮನಿಯ ಲುಡ್ವಿಗ್ ರೊಸೆಲಿಯಸ್ ಬೆಂಜೀನ್ ಬಳಸಿದ್ದು ನಿಜ, ಈಗ ಅದಿಲ್ಲ. ಇಂದಿಗೂ ಬಳಕೆಯಲ್ಲಿರುವ ಮೀಥಲೀನ್ ಕ್ಲೋರೈಡ್ ಸುಮಾರು 40 ಡಿಗ್ರಿಗೇ ಆವಿಯಾಗುತ್ತದೆ. ಹಸಿ ಬೀಜದ ಹಂತದಲ್ಲೇ ಅದರ ಕೆಲಸ ಮುಗಿದು, ಆಮೇಲೆ ಬೀಜವನ್ನು 200 ಡಿಗ್ರಿ ಆಸುಪಾಸಿನಲ್ಲಿ ಹುರಿಯುತ್ತಾರೆ. ಉಳಿಕೆ ದಶಲಕ್ಷಕ್ಕೆ 10 ಭಾಗ ಮೀರುವಂತಿಲ್ಲ ಎಂಬುದು ಅಮೆರಿಕದ ಮಿತಿ. ಅಷ್ಟೂ ಬೇಡ ಎನ್ನುವವರಿಗೆ ಬರಿ ನೀರಿನಲ್ಲಿ ತೆಗೆದದ್ದಿದೆ, ಕಾರ್ಬನ್ ಡೈಆಕ್ಸೈಡ್‌ನಲ್ಲಿ ತೆಗೆದದ್ದೂ ಇದೆ. 31 ಡಿಗ್ರಿ, 73 ಪಟ್ಟು ವಾಯು ಒತ್ತಡ ಎಂದು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಆ ಕ್ರಿಟಿಕಲ್ ಪಾಯಿಂಟ್ ಒಬ್ಬ ಗರ್ಭಿಣಿಯ ಲೋಟಕ್ಕೆ ಉಪಯೋಗವಾಗುತ್ತದೆ ಎಂದು ಯಾವ ಮೇಷ್ಟರೂ ತರಗತಿಯಲ್ಲಿ ಹೇಳಲಿಲ್ಲ!

ಆದರೆ ಡಿಕ್ಯಾಫ್ ಮುಟ್ಟದ ವಿಷಯವೊಂದಿದೆ. ನಮ್ಮ ಊರುಗಳಲ್ಲಿ ಕೆಫೀನ್‌ಗಿಂತ ಅದೇ ದೊಡ್ಡದು: ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಗರ್ಭಿಣಿಯರಲ್ಲಿ ಶೇ 52.2ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದಕ್ಕಾಗಿಯೇ ಸರ್ಕಾರ 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು ಫೋಲಿಕ್ ಆ್ಯಸಿಡ್ ಇರುವ ಮಾತ್ರೆಯನ್ನು ಕನಿಷ್ಠ 180 ದಿನ ಉಚಿತವಾಗಿ ಕೊಡುತ್ತದೆ. ಕಾಫಿಯಲ್ಲಿರುವ ಪಾಲಿಫೀನಾಲ್‌ಗಳು ಕಬ್ಬಿಣಾಂಶವನ್ನು ಹಿಡಿದುಕೊಂಡು ದೇಹಕ್ಕೆ ಸೇರದಂತೆ ಮಾಡುತ್ತವೆ. ಕೆಫೀನ್ ತೆಗೆದರೂ ಈ ಪಾಲಿಫೀನಾಲ್‌ಗಳು ಪುಡಿಯಲ್ಲಿ ಉಳಿಯುತ್ತವೆ. 1983ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಊಟದ ಜೊತೆ ಕುಡಿದ ಒಂದು ಕಪ್ ಕಾಫಿ ಕಬ್ಬಿಣಾಂಶ ಹೀರಿಕೆಯನ್ನು ಶೇ 39ರಷ್ಟು ತಗ್ಗಿಸಿತು. ಊಟವಾಗಿ ಒಂದು ಗಂಟೆಯ ನಂತರ ಕುಡಿದಾಗಲೂ ಅಷ್ಟೇ ನಷ್ಟ. ಊಟಕ್ಕೆ ಒಂದು ಗಂಟೆ ಮೊದಲು ಕುಡಿದಾಗ ಮಾತ್ರ ನಷ್ಟವಾಗಲಿಲ್ಲ. ಟೀಯದ್ದು ಇನ್ನೂ ಕೆಟ್ಟ ಕಥೆ.

ನಮ್ಮ ಮನೆಗಳ ದಿನಚರಿ ನೋಡಿ. ತಿಂಡಿಯ ಹಿಂದೆಯೇ ಕಾಫಿ, ಊಟದ ಮೇಲೊಂದು ಟೀ. ತುಂಬು ಗರ್ಭಿಣಿ ಅಕ್ಕ ನಮ್ಮ ಮನೆಯಲ್ಲಿದ್ದಾಗ ತಿಂಡಿ, ಮಾತ್ರೆ, ಡಿಕ್ಯಾಫ್ ಮೂರೂ ಹತ್ತು ನಿಮಿಷದೊಳಗೆ ಮುಗಿಯುತ್ತಿದ್ದವು, ಕ್ರಮಬದ್ಧವಾಗಿ! ‘ಕೆಫೀನ್ ಇಲ್ವಲ್ಲ’ ಎಂಬ ಧೈರ್ಯ ಬೇರೆ. ದುಬಾರಿ ಪುಡಿ ತರಿಸಿ ಉಚಿತ ಮಾತ್ರೆಯ ಗುಣ ತಗ್ಗಿಸುವ ವಿಚಿತ್ರ ವ್ಯವಸ್ಥೆ ಇದು. ಡಿಕ್ಯಾಫ್ ಕೊಳ್ಳಲು ಆಗದವರೂ ಮಾಡಬಹುದಾದದ್ದು ಇಲ್ಲೇ ಇದೆ: ಮಾತ್ರೆಗೂ ಕಾಫಿಗೂ ನಡುವೆ ಎರಡು ಗಂಟೆ ಬಿಡುವುದು, ಮಾತ್ರೆಯನ್ನು ನೀರು ಅಥವಾ ನಿಂಬೆಹಣ್ಣಿನ ಪಾನಕದಲ್ಲಿ ನುಂಗುವುದು. ಆಶಾ ಕಾರ್ಯಕರ್ತೆಯರು ಮಾತ್ರೆ ಎಣಿಸಿ ಕೊಡುವಾಗ ಈ ಮಾತನ್ನೂ ಒತ್ತಿ ಹೇಳಲಿ. ತಾಯಿ ಕಾರ್ಡ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಮುದ್ರಿಸಲಿ. ಅಧಿಕ ರಕ್ತದೊತ್ತಡ, ಎದೆಬಡಿತದಂಥ ತೊಂದರೆ ಇರುವವರು ಕಾಫಿ ಬಗ್ಗೆ ವೈದ್ಯರನ್ನೇ ಕೇಳಬೇಕು, ಮೈದುನನನ್ನಲ್ಲ.

ಇನ್ನು ಪೊಟ್ಟಣದ ಮಾತು. ಪರೀಕ್ಷೆಯ ಹಿಂದಿನ ರಾತ್ರಿ ನಾವು ಕುಡಿಯುವ ಎನರ್ಜಿ ಡ್ರಿಂಕ್ ಡಬ್ಬಿಯ ಮೇಲೆ ಕೆಫೀನ್ ಎಷ್ಟೆಂಬ ಅಂಕಿಯೂ ಇರುತ್ತದೆ, ಗರ್ಭಿಣಿಯರಿಗೆ ಸೂಕ್ತವಲ್ಲ ಎಂಬ ಸೂಚನೆಯೂ ಇರುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಅದು. ನಮ್ಮ ಮನೆಗೆ ಬರುವ ಕಾಫಿ ಪುಡಿಯ ಮೇಲೆ ಅಂಥ ಅಂಕಿಯನ್ನು ನಾನು ಕಂಡಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇ 70ನ್ನು ಬೆಳೆಯುವ ರಾಜ್ಯ ನಮ್ಮದು, ಕಾಫಿ ಮಂಡಳಿಯ ಕೇಂದ್ರ ಕಚೇರಿ ಇರುವುದು ಬೆಂಗಳೂರಿನಲ್ಲಿ. 10 ಗ್ರಾಂ ಪುಡಿಯಲ್ಲಿ ಇಷ್ಟು ಮಿಲಿಗ್ರಾಂ ಕೆಫೀನ್ ಎಂದು ಬರೆಸುವುದು ದೊಡ್ಡ ಎಂಜಿನಿಯರಿಂಗ್ ಸವಾಲೇನಲ್ಲ. ಚಿಕೋರಿ ಶೇಕಡಾ ಎಷ್ಟೆಂದು ಮುದ್ರಿಸುವ ಜಾಗದ ಪಕ್ಕದಲ್ಲೇ ಆ ಒಂದು ಸಾಲು ಹಿಡಿಸುತ್ತದೆ.