ಅಪ್ಪನ ಟಿಕೇಟು ಕೆಲವರಿಗೆ, ಅಪ್ಪನ ನಡತೆ ಎಲ್ಲರಿಗೆ

ಚುನಾವಣೆ ಬಂತೆಂದರೆ ಕೊಪ್ಪಳ ಬಸ್ ನಿಲ್ದಾಣದಿಂದ ಹಿಡಿದು ಕುಷ್ಟಗಿ, ಯಲಬುರ್ಗಾದ ಚಹಾದಂಗಡಿಗಳ ತನಕ ಒಂದೇ ಲೆಕ್ಕ: ಯಾರ ಮಗನಿಗೆ ಟಿಕೇಟು? ಯಾರ ಹಿಂದೆ ಎಷ್ಟು ಹುಡುಗರು? ಆ ಹುಡುಗರು ಯಾಕೆ ಹೋದರು ಎಂದು ಕೇಳುವವರು ಕಡಿಮೆ. ಕೂಲಿಗೆ ಹೋದರೋ, ಮನಸ್ಸಿಗೆ ಬಂದು ಹೋದರೋ? ಇದಕ್ಕೆ ಉತ್ತರ ಪಕ್ಷದ ಕಚೇರಿಯಲ್ಲಿ ಸಿಗುವುದಿಲ್ಲ. ಹುಡುಗರ ಮನೆಯಲ್ಲಿ ಸಿಗುತ್ತದೆ.

ಮನೆತನದ ರಾಜಕೀಯ ಈ ಜಿಲ್ಲೆಗೆ ಹೊಸದಲ್ಲ. ಕೆ. ಬಸವರಾಜ ಹಿಟ್ನಾಳ 2014ರಲ್ಲಿ ಲೋಕಸಭೆಗೆ ನಿಂತು ಸೋತರು. ಅವರ ಮಗ ರಾಘವೇಂದ್ರ ಹಿಟ್ನಾಳ 2013, 2018, 2023ರಲ್ಲಿ ಕೊಪ್ಪಳದಿಂದ ಶಾಸಕರಾದರು. ಇನ್ನೊಬ್ಬ ಮಗ ರಾಜಶೇಖರ 2019ರಲ್ಲಿ ಸೋತು 2024ರಲ್ಲಿ ಸಂಸದರಾದರು. ಗಂಗಾವತಿಯ ಎಚ್.ಜಿ. ರಾಮುಲು ಒಂದಕ್ಕಿಂತ ಹೆಚ್ಚು ಸಲ ಸಂಸದರಾಗಿದ್ದವರು, ಮಗ ಎಚ್.ಆರ್. ಶ್ರೀನಾಥ್ ವಿಧಾನ ಪರಿಷತ್ತು ಕಂಡರು. ಗೆಲ್ಲಿಸಿದವರು ಜನರೇ, ತಕರಾರಿಲ್ಲ. ಆದರೆ ಇಂಥ ಮನೆಗಳು ಬೆರಳೆಣಿಕೆಯಷ್ಟು. ಉಳಿದ ಮನೆಗಳಲ್ಲಿ ಅಪ್ಪ-ಅವ್ವ ಮಕ್ಕಳಿಗೆ ಬಿಟ್ಟುಹೋಗಬಹುದಾದ ಆಸ್ತಿ ನಡತೆ ಒಂದೇ.

ಆ ಆಸ್ತಿ ಸಣ್ಣದಲ್ಲ. 1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಮ್ಮ ಸೀಮೆ ನಿಜಾಮನ ಕೈಯಲ್ಲೇ ಉಳಿಯಿತು. ಗಡಿಯಾಚೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು ಶಿಬಿರ ನಡೆಸಿದರು. ಹಳ್ಳಿಯ ತರುಣರು ಮನೆ ಬಿಟ್ಟು ಹೋಗಿ ಸೇರಿದರು. ಹೋದವರಿಗೆ ಜೀವದ ಅಂಜಿಕೆ, ಹಿಂದೆ ಉಳಿದವರಿಗೆ ರಜಾಕಾರರ ಅಂಜಿಕೆ. 'ಹೋಗಿ ಬಾ ಮಗನೆ' ಅನ್ನುವ ಗಟ್ಟಿತನ ಮನೆಗಳಲ್ಲಿ ಇಲ್ಲದಿದ್ದರೆ ಅಂಥ ಶಿಬಿರ ನಾಲ್ಕು ದಿನವೂ ನಿಲ್ಲುತ್ತಿರಲಿಲ್ಲ. 1948ರ ಸೆಪ್ಟೆಂಬರ್ 17ಕ್ಕೆ ಬಿಡುಗಡೆ ಬಂತು. 1952ರಲ್ಲಿ ಅದೇ ಶಿವಮೂರ್ತಿಸ್ವಾಮಿಗಳನ್ನು ಜನ ಕುಷ್ಟಗಿಯಿಂದ ಪಕ್ಷೇತರರಾಗಿ ಲೋಕಸಭೆಗೆ ಕಳಿಸಿದರು.

ಅದೆಲ್ಲ ಹಳೇ ಕಾಲ ಅನ್ನುವವರು ರೈತ ಚಳವಳಿ ನೋಡಲಿ. ರಾಜ್ಯ ರೈತ ಸಂಘ ಕಟ್ಟಿದ ಎಂ.ಡಿ. ನಂಜುಂಡಸ್ವಾಮಿ 2004ರಲ್ಲಿ ತೀರಿಕೊಂಡರು. ಮಗಳು ಚುಕ್ಕಿ ನಂಜುಂಡಸ್ವಾಮಿ ಸಂಘಟನೆ ಬಿಡಲಿಲ್ಲ. ಚಾಮರಾಜನಗರದ ಅಮೃತಭೂಮಿಯಲ್ಲಿ ನೈಸರ್ಗಿಕ ಕೃಷಿಯ ಕೆಲಸವನ್ನೂ ಹೊತ್ತರು. ಅಪ್ಪನಿಂದ ಬಂದದ್ದು ಕುರ್ಚಿಯಲ್ಲ, ಹಸಿರು ಶಾಲು.

ಇನ್ನು ಕೊಪ್ಪಳದವರೇ ಕಣ್ಣಾರೆ ಕಂಡದ್ದು 2025ರ ಫೆಬ್ರುವರಿ 24ರ ಬಂದ್. ಊರಿನ ಪಕ್ಕದ ಬಲ್ಡೋಟಾ ಉಕ್ಕು ಕಾರ್ಖಾನೆ ವಿಸ್ತರಣೆ ಬೇಡವೆಂದು ಗವಿಮಠದ ಸ್ವಾಮೀಜಿ ಬೀದಿಗಿಳಿದರು. ವ್ಯಾಪಾರಸ್ಥರು ಒಂದು ದಿನದ ದುಡಿಮೆ ಬಿಟ್ಟು ಅಂಗಡಿ ಮುಚ್ಚಿದರು. ವಿದ್ಯಾರ್ಥಿಗಳೂ ಮೆರವಣಿಗೆಯಲ್ಲಿದ್ದರು. ಊರಿಗಾಗಿ ಅಪ್ಪ ಗಲ್ಲಾಪೆಟ್ಟಿಗೆಗೆ ಬೀಗ ಹಾಕಿದ್ದನ್ನು ಕಂಡ ಮಗನಿಗೆ ರಾಜಕೀಯದ ಪಾಠ ಬೇರೆ ಬೇಕಿಲ್ಲ.

ಹೀಗೆ ತಯಾರಾದ ಹುಡುಗ ಮುಂದೆ ಹೋಗಬೇಕಾದದ್ದು ಎಲ್ಲಿಗೆ? ಕಷ್ಟ ಇರುವುದೇ ಇಲ್ಲಿ. ದೊಡ್ಡ ಮನೆತನ ಇಲ್ಲದವನಿಗೆ ಗ್ರಾಮ ಪಂಚಾಯಿತಿ ದಾಟಿದ ಮೇಲೆ ಇರುವ ಮೆಟ್ಟಿಲು ತಾಲೂಕು, ಜಿಲ್ಲಾ ಪಂಚಾಯಿತಿ. ಅವುಗಳ ಅವಧಿ 2021ರಲ್ಲೇ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಎನ್ನುತ್ತ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಮೆಟ್ಟಿಲು ಕಿತ್ತರೆ ಮಾಳಿಗೆಯ ಮೇಲೆ ಇದ್ದವರ ಮಕ್ಕಳೇ ಮಾಳಿಗೆಯಲ್ಲಿ ಉಳಿಯುತ್ತಾರೆ. ಕೆಳಗಿನವರ ಮಕ್ಕಳಿಗೆ ಬಾವುಟ ಕಟ್ಟುವ ಕೆಲಸ, ಪೆಟ್ರೋಲು, ಒಂದು ಊಟ. ಈ ವಿಷಯದಲ್ಲಿ ಯಾವ ಪಕ್ಷಕ್ಕೂ ಹೆಚ್ಚು ಅವಸರ ಕಾಣಲಿಲ್ಲ.

ಇದು ಸರಕಾರದ ತಪ್ಪಾಯಿತು. ಮನೆಯ ತಪ್ಪೂ ಒಂದಿದೆ. 'ನಮಗ್ಯಾಕ ಬೇಕಪಾ ರಾಜಕೀಯ' ಎಂದು ಮಗನನ್ನು ತಡೆಯುವ ಅಪ್ಪನೇ ಮತದಾನದ ಹಿಂದಿನ ರಾತ್ರಿ ಬಾಗಿಲಿಗೆ ಬಂದ ನೋಟು ಎಣಿಸಿ ಇಟ್ಟುಕೊಂಡರೆ ಮಗ ಕಲಿಯುವುದು ಯಾವುದನ್ನು? ಮಾತನ್ನಲ್ಲ, ಎಣಿಕೆಯನ್ನು. ನಾಳೆ ಅವನೂ ತನ್ನ ದಿನಕ್ಕೆ ದರ ಕಟ್ಟುತ್ತಾನೆ.

ಹದಿನೆಂಟು ತುಂಬಿದವರಿಗೆ ಓಟು ಬಂದದ್ದು 1989ರಲ್ಲಿ. ಓಟು ಇದ್ದ ಮೇಲೆ ರಾಜಕೀಯ ಬೇಡ ಅನ್ನುವುದರಲ್ಲಿ ಅರ್ಥವಿಲ್ಲ. ಮಗ, ಮಗಳು ಪ್ರಚಾರಕ್ಕೆ ಹೊರಟರೆ ಹೆತ್ತವರು ತಡೆಯಬೇಕಿಲ್ಲ. ಬಾಗಿಲಲ್ಲಿ ನಿಲ್ಲಿಸಿ ಎರಡು ಮಾತು ಕೇಳಿದರೆ ಸಾಕು: 'ಯಾವ ಕೆಲಸಕ್ಕ ಹೊಂಟಿ? ಯಾರ ರೊಕ್ಕದಾಗ ಹೊಂಟಿ?' ಆದರೆ ಹೀಗೆ ಕೇಳುವ ಮುಖ ಇರಬೇಕಾದರೆ ಕೇಳುವವರ ಕೈ ಮೊದಲು ಸ್ವಚ್ಛ ಇರಬೇಕು.